ಮಚಲಿಪಟ್ಟಣಕ್ಕೆ ಟ್ರಂಕ್ ಕಾಲ್

೧೯ ನವೆಂಬರ್ ೧೯೭೭, ಶನಿವಾರ, ಹುಮನಾಬಾದ

ರೇಡಿಯೊ ಇನ್ನೂ ಅದನ್ನೇ ಹೇಳುತ್ತಿದೆ. ಚಂಡಮಾರುತ ಆಂಧ್ರದ ದಡಕ್ಕೆ ಅಪ್ಪಳಿಸಿತಂತೆ. ನಾಲ್ಕು ದಿನದಿಂದ ಮಗಳ ಶಾಲೆಯ ನಕಾಶೆಯ ಮೇಲೆ ಒಂದು ತೊಗರಿ ಕಾಳಿಟ್ಟು, ಸುದ್ದಿ ಬಂದಾಗೆಲ್ಲ ಸರಿಸುತ್ತಿದ್ದೆ. ಇವತ್ತು ಕಾಳು ಮಚಲಿಪಟ್ಟಣದ ಮೇಲೆಯೇ ಬಂದು ಕೂತಿತು. ತೊಗರಿ ಮಾರಲು ಹೋದ ಇವರೂ ಅಲ್ಲೇ ಇದ್ದಾರೆ.

ಮಧ್ಯಾಹ್ನ ಅಂಚೆ ಕಚೇರಿಗೆ ಹೋಗಿ, ಇವರು ಇಳಿದುಕೊಂಡ ಲಾಡ್ಜಿಗೆ ಟ್ರಂಕ್ ಕಾಲ್ ಕೇಳಿದೆ.

“ಯಾರನ್ನ ಕರೀಬೇಕ್ರಿ ಬಾಯಿ? ಹೆಸರ ಹೇಳ್ರಿ,” ಎಂದ ಗುಮಾಸ್ತ.

“ನಮ್ಮನಿಯವ್ರನ್ನ.”

“ಲಾಡ್ಜಿನ್ಯಾಗ ಇದ್ದವ್ರೆಲ್ಲಾ ಯಾರರೆ ಮನಿಯವ್ರೇ ಅಲ್ಲೇನ್ರಿ!”

ಹದಿನಾಲ್ಕು ವರ್ಷದಲ್ಲಿ ಇವರ ಹೆಸರು ನನ್ನ ಬಾಯಲ್ಲಿ ಬಂದದ್ದು ಒಂದೇ ಸಲ, ಮದುವೆಯ ದಿನ ನಾದಿನಿ ಬಾಗಿಲು ತಡೆದು, ಗಂಡನ ಹೆಸರು ಹೆಣೆದ ಒಡಪು ಹೇಳಿಸಿದಾಗ. ಚೀಟಿಯಲ್ಲಿ ಬರೆದುಕೊಡಬಹುದಿತ್ತೆಂದು ಈಗ ಹೊಳೆಯುತ್ತಿದೆ. ಆಗ ಬಾಯಿಗೆ ಬಂದದ್ದು ಆ ಒಡಪೇ.

“ಕಲ್ಯಾಣದ ಕಿಲ್ಲಾ ಮ್ಯಾಲ ಗಿಳಿ ಕೂತಾವ ಜೋಡಿ, ಮಹಾರುದ್ರಪ್ಪನವರು ಬಂದಾರ, ಬಾಗಿಲ ತೆಗದು ನೋಡಿ.”

ಸಾಲಿನಲ್ಲಿ ನಿಂತವರೆಲ್ಲ ನನ್ನ ಕಡೆ ತಿರುಗಿದರು. ಗುಮಾಸ್ತ ನಗಲಿಲ್ಲ. ಹೆಸರು ಬರೆದುಕೊಂಡು, ಬಹಳ ಹೊತ್ತು ಫೋನ್ ತಿರುಗಿಸಿ, ಮೆಲ್ಲಗೆ ಹೇಳಿದ: “ಲೈನ್ ಬಂದ್ ಆಗ್ಯದರಿ ಬಾಯಿ.”

ಇಲ್ಲಿ ಬೇವಿನ ಎಲೆಯೂ ಅಲುಗುತ್ತಿಲ್ಲ. ನಕಾಶೆಯ ಮೇಲಿನ ಕಾಳನ್ನು ತೆಗೆದು ಸೆರಗಿಗೆ ಗಂಟು ಹಾಕಿಕೊಂಡಿದ್ದೇನೆ. ಮಗಳು ಮಲಗಿದ ಮೇಲೆ ನಾಚಿಕೆ ಬಿಟ್ಟು, ಒಡಪಿಲ್ಲದೆ, ಬರೀ ಹೆಸರನ್ನೇ ಹೇಳಿಕೊಂಡೆ. ಮಹಾರುದ್ರಪ್ಪ. ಎಷ್ಟು ಚೆಂದದ ಹೆಸರು, ಇಷ್ಟು ದಿನ ಬಾಯಲ್ಲಿ ಇಟ್ಟುಕೊಂಡೇ ಇರಲಿಲ್ಲ.

ಎರಡು ಸಲ ಎದ್ದು ಬಾಗಿಲು ತೆಗೆದು ನೋಡಿದೆ. ಇನ್ನು ಅಗಳಿ ಹಾಕುವ ಮನಸ್ಸಿಲ್ಲ.