ಅಟ್ಟದ ಮೇಲೆ ಹೋದ ವೈರು

ಜುಲೈ 3, 2025, ಗುರುವಾರ

ಅನ್ಯಾಯ ನಡೆದದ್ದು 2012ರ ಶಿವರಾತ್ರಿಯ ಮಾರನೆಯ ದಿನ. ನಾನು ಶಾಲೆಯ ಕೆಲಸಕ್ಕೆ ತುರುವೇಕೆರೆಗೆ ಹೋಗಿದ್ದೆ. ವಾಪಸು ಬಂದರೆ ನಡುಮನೆಯ ಮಧ್ಯೆ ಎದೆಮಟ್ಟದ ಗೋಡೆ. ತಮ್ಮ ಕಾಡಸಿದ್ದಪ್ಪ ಗಾರೆ ಕಲಸುತ್ತಿದ್ದ. ಬೀದಿಯವರೆಲ್ಲ ಜಗಲಿಯಲ್ಲಿ ನಿಂತು ನೋಡುತ್ತಿದ್ದರು. ಭಾಗಕ್ಕೆ ನಾನೂ ಒಪ್ಪಿದ್ದೆ, ನಿಜ. ಗೋಡೆಗೆ ಒಪ್ಪಿರಲಿಲ್ಲ. ಅವನು ನನ್ನನ್ನು ಕೇಳಲೂ ಇಲ್ಲ. ಅವತ್ತಿನಿಂದ ನಾವಿಬ್ಬರು ಮಾತಾಡಿಲ್ಲ. ಹೆಂಗಸರು, ಮಕ್ಕಳು ಮಾತಾಡಿಕೊಂಡಿದ್ದಾರೆ. ಅದಕ್ಕೆ ನನ್ನ ಅಡ್ಡಿಯಿಲ್ಲ.

ಇದನ್ನು ಇವತ್ತು ಮತ್ತೆ ಬರೆಯಲು ಕಾರಣವಿದೆ. ಬಸ್ ನಿಲ್ದಾಣದ ನಲ್ಲಿ ಬಗ್ಗೆ ಪತ್ರಿಕೆಗೆ ಪತ್ರ ಬರೆಯುತ್ತಾ ಕೂತಿದ್ದೆ. ಜೀವಿತಾ ಬಂದಳು. ನನ್ನ ಮಗಳು, ತಿಪಟೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

"ಅಪ್ಪ, ನನ್ನ ಕಂಪ್ಯೂಟರಲ್ಲಿರೋ ಆಟಾನ ಇಂಪನಾ ಟ್ಯಾಬ್‌ಗೆ ಕಳಿಸ್ಲಾ?"

ಇಂಪನಾ ಗೋಡೆಯಾಚೆಯ ನನ್ನ ತಮ್ಮ ಸಿದ್ದಪ್ಪನ ಮಗಳು. ಸ್ಕೂಟರ್‌ನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದೆ ಹುಡುಗಿ. ಎರಡು ತಿಂಗಳು ಕಾಲು ಊರುವಂತಿಲ್ಲ.

"ಕಳಿಸು. ನನ್ನನ್ನೇನು ಕೇಳೋದು?"

"ಆಟ ಮಹಡಿ ಮೇಲಿರೋ ಕಂಪ್ಯೂಟರಲ್ಲೇ ನಡೆಯುತ್ತೆ, ಚಿತ್ರ ಮಾತ್ರ ಟ್ಯಾಬ್‌ಗೆ ಹೋಗೋದು. ಎರಡೂ ಒಂದೇ ನೆಟ್‌ವರ್ಕಲ್ಲಿ ಇರ್ಬೇಕಪ್ಪ. ನಮ್ಮ ವೈಫೈ ಆ ಕಡೆ ಮುಟ್ಟಬೇಕು. ಒಂದೇ ಮನೆ ಅಂತ ಕಂಪ್ಯೂಟರ್ ನಂಬ್ಬೇಕು."

ಅಡಿಗೆಮನೆಯಿಂದ ನನ್ನ ಹೆಂಡತಿ ಗಿರಿಜಾಂಬಿಕಾ: "ಮನುಷ್ಯರೇ ನಂಬ್ಲಿಲ್ಲ. ಅದಾದ್ರೂ ನಂಬುತ್ತೇನೋ ನೋಡವ್ವ."

ನನಗೇ ಹೇಳಿದ್ದು. ನಲ್ಲಿಯ ಪತ್ರ ಮುಂದುವರಿಸಿದೆ.

ಜುಲೈ 6, ಭಾನುವಾರ

ಬೆಳಿಗ್ಗೆಯಿಂದ ಇದೇ. ಟ್ಯಾಬ್ ಮೇಲೆ ನಾಲ್ಕು ಅಂಕಿ ಬರುತ್ತದಂತೆ, ಅದನ್ನು ಮಹಡಿಯ ಕಂಪ್ಯೂಟರ್‌ನಲ್ಲಿ ಒತ್ತಬೇಕಂತೆ. ಆಗ ಎರಡಕ್ಕೂ ಪರಿಚಯ. ಇಂಪನಾ ಮಲಗಿದಲ್ಲಿಂದ ಕೂಗುವುದು, ಗಿರಿಜಾಂಬಿಕಾ ಹಿತ್ತಿಲಲ್ಲಿ ನಿಂತು ಕೇಳಿಸಿಕೊಂಡು ಮಹಡಿಗೆ ಕೂಗುವುದು. ಊರಿಗೆಲ್ಲ ಗೊತ್ತಾಯಿತು ಆ ಗುಟ್ಟಿನ ಅಂಕಿ.

"ಬಂತು ದೊಡ್ಡಮ್ಮಾ! ಬಂತು!" — ಗೋಡೆಯಾಚೆಯಿಂದ ಕೂಗು.

ಬಂದದ್ದು ಬಂದ ಹಾಗೇ ಹೋಯಿತು. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ನಿಲ್ಲುತ್ತದೆ, ಮಾಯ. ಮಹಡಿಯ ಪಕ್ಕಕ್ಕೆ ಅಟ್ಟ, ಅಟ್ಟ ದಾಟಿ ಕೆಳಗೆ ಇಂಪನಾಳ ಕೋಣೆ. ಅಷ್ಟೇ ದೂರ.

"ಗೋಡೆ," ಎಂದೆ. "ಆ ಗೋಡೆಯಿಂದ ಯಾರಿಗೆ ಒಳ್ಳೆಯದಾಗಿದೆ?"

ಜುಲೈ 9, ಬುಧವಾರ

ಗೋಡೆಯಲ್ಲ. ಬರೆದಿಡಬೇಕು, ನ್ಯಾಯ ನ್ಯಾಯವೇ.

ಜೀವಿತಾ ಫೋನು ಹಿಡಿದು ಅಟ್ಟಕ್ಕೆ ಹತ್ತಿದಳು. ಕೊಬ್ಬರಿಗೆ ಅಂತ ಇಟ್ಟ ಕಾಯಿ ಅಲ್ಲಿ ಸುಮಾರು ಒಂದು ವರ್ಷ ಕೂರಬೇಕು, ಒಳಗಿನ ನೀರು ಇಂಗಿ, ಗಿಟುಕು ಅನ್ನುವ ಒಣ ತಿರುಳು ಚಿಪ್ಪು ಬಿಟ್ಟು ಲೊಟಲೊಟ ಅನ್ನುವ ತನಕ. ಹಳೆಯ ಕಾಯಿ ಇದ್ದ ಕಡೆ ಸಿಗ್ನಲ್ ಇದೆ. ಏಪ್ರಿಲ್‌ನಲ್ಲಿ ಹಾಕಿಸಿದ ಹೊಸ ಕಾಯಿಯ ರಾಶಿಯ ಹಿಂದೆ ಹೋದರೆ ಸೊನ್ನೆ. ಒಂದು ಕಾಯಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ನೀರು ಗಳಗಳ.

"ನೀರು ಸಿಗ್ನಲ್ ಕುಡಿಯುತ್ತೆ ಅಪ್ಪ. ಒಂದಿಟ್ಟಿಗೆ ದಪ್ಪದ ಗೋಡೆ ಏನೂ ಮಾಡಲ್ಲ. ನಿಮ್ಮ ಕಾಯಿ ಮಾಡಿರೋದು."

"ಕಾಯಿ ಒಣಗೋವರೆಗೆ ಕಾಯೋದಾ?"

"ಅಷ್ಟರಲ್ಲಿ ಅವಳು ಓಡಾಡ್ತಿರ್ತಾಳೆ. ವೈರ್ ಎಳೆಯೋಣ. ಆ ಕಡೆ ಹಳೇ ರೂಟರ್ ಇಟ್ರೆ ಆಯ್ತು."

ಅಟ್ಟದ ಮೇಲೆ ಎಳೆಯಬಹುದು. ಗೋಡೆ ಕಟ್ಟಿದ ದಿನ ಅಟ್ಟದ ತುಂಬ ಕಾಯಿ ಇತ್ತು, ಹಾಗಾಗಿ ಗೋಡೆ ತೊಲೆಯ ಕೆಳಗೇ ನಿಂತಿತು. ಮೇಲೆ ಮಧ್ಯದಲ್ಲಿ ಗಡಿಗೆ ಅಂತ ಒಂದು ಉದ್ದ ಬಿದಿರ ಗಳು ಮಲಗಿಸಿದ್ದಾರೆ. ಈಚೆ ನಮ್ಮದು, ಆಚೆ ಅವರದು. ಮಂಡಿನೋವು ಶುರುವಾದ ಮೇಲೆ ನಾನು ಹತ್ತಿಲ್ಲ. ಹತ್ತಬೇಕಾದ ಅಗತ್ಯವೂ ಬಿದ್ದಿಲ್ಲ. ನಮ್ಮ ಅಟ್ಟದಲ್ಲಿ ಕಾಯಿ ಕೊಳೆಯುವುದಿಲ್ಲ. ಅಪ್ಪ ಕಟ್ಟಿಸಿದ ಅಟ್ಟ ಅಂಥದ್ದು. ಇದನ್ನು ತಿಪಟೂರಿನ ಮಾರುಕಟ್ಟೆಯಲ್ಲಿ ಎಷ್ಟು ಜನಕ್ಕೆ ಹೇಳಿಲ್ಲ ನಾನು!

ಜುಲೈ 13, ಭಾನುವಾರ

ವೈರ್ ಹೋಯಿತು. ಅಟ್ಟದ ಹಲಗೆಗಳ ಸಂದಿನಲ್ಲಿ ಇಳಿಬಿಟ್ಟರೆ ನೇರ ಇಂಪನಾಳ ಮಂಚದ ತಲೆದೆಸೆಗೆ. ಚಿತ್ರ ಈಗ ಹರಿಯುವ ನೀರಿನ ಹಾಗೆ. ಆಚೆಯಿಂದ ಆ ಹುಡುಗಿಯ ನಗು — ಬಿದ್ದ ದಿನದಿಂದ ಕೇಳಿರಲಿಲ್ಲ. ಜೀವಿತಾಗೆ, ಆ ಹಳೆಯ ರೂಟರ್‌ಗೆ, ಎಲ್ಲಕ್ಕೂ ಕೈ ಮುಗಿಯಬೇಕು ಅನ್ನಿಸಿತು.

ಆದರೆ.

ಇಳಿದು ಬಂದ ಜೀವಿತಾಳ ಕೈಯಲ್ಲಿ ಒಂದು ಟವಲ್. ನೀಲಿ ಅಂಚು. ಸಿದ್ದಪ್ಪನದು, ಬೇಲಿಯ ಮೇಲೆ ದಿನಾ ನೋಡುತ್ತೇನೆ. ಸಿಕ್ಕಿದ್ದು ಗಳುವಿನ ಈಚೆ. ನಮ್ಮ ರಾಶಿಯ ಮೇಲೆ! ಕಾಯಿಗಳನ್ನು ಕೈಯಾಡಿಸಿದ ಗುರುತೂ ಇದೆಯಂತೆ.

ಅಂದರೆ ಗಳು ದಾಟುತ್ತಿದ್ದಾನೆ. ಎಷ್ಟು ವರ್ಷದಿಂದ?

ಜುಲೈ 14, ಸೋಮವಾರ

ಗ್ರಾಮ ಪಂಚಾಯ್ತಿಗೆ ಅರ್ಜಿ ಬರೆದೆ. ಎರಡು ಪುಟ. 2012ರಿಂದ ಶುರು ಮಾಡಿ ಟವಲ್‌ವರೆಗೆ. ಗಿರಿಜಾಂಬಿಕಾ ಓದಿ ಕನ್ನಡಕ ತೆಗೆದಳು.

"ಆ ಮಗು ಅಲ್ಲಿ ಮಲಗಿದೆ. ಅದರಪ್ಪನ ಮೇಲೆ ಕಳ್ಳತನ ಹೊರಿಸ್ತೀರಾ? ಇದು ಕೊಟ್ಟು ಬಂದ್ರೆ ನಾನು ಆ ಮನೆ ಮೆಟ್ಟಿಲು ಹತ್ತೋದು ಹ್ಯಾಗ್ರೀ?"

"ಸತ್ಯ ಸತ್ಯವೇ."

"ಮೊದಲು ಕೇಳಿ. ಆಮೇಲೆ ಕೊಡಿ."

ಕೇಳುವುದು ಹೇಗೆ? ಮಾತಿಲ್ಲವಲ್ಲ. ಅರ್ಜಿ ಜೇಬಿನಲ್ಲೇ ಇದೆ.

ಜುಲೈ 22, ಮಂಗಳವಾರ, ಮಧ್ಯಾಹ್ನ

ಜೀವಿತಾ ಕಾಲೇಜಿಗೆ ಹೋದ ಮೇಲೆ ಇಂಪನಾಳ ಫೋನು.

"ದೊಡ್ಡಪ್ಪ, ಈ ಆಟ ಒಬ್ಬಳೇ ಆಡಕ್ಕಾಗಲ್ಲ. ಮಹಡಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂತ್ಕೊಳ್ಳಿ."

"ನನಗೆ ಬರಲ್ಲಮ್ಮ."

"ಹುಟ್ಟು ಹಾಕೋದು ಅಷ್ಟೇ. ಫೋನ್ ಸ್ಪೀಕರಿಗೆ ಹಾಕಿ, ಹೇಳ್ಕೊಡ್ತೀನಿ."

ಒಂದು ತೆಪ್ಪ, ಎರಡು ಹುಟ್ಟು, ಬಂಡೆ ತುಂಬಿದ ಹೊಳೆ. ಒಂದು ಹುಟ್ಟು ನನ್ನ ಕೈಲಿ, ಇನ್ನೊಂದು ಮಂಚದಲ್ಲಿ ಮಲಗಿದವಳ ಕೈಯ ಕಂಟ್ರೋಲರಿನಲ್ಲಿ. ಒಬ್ಬರು ನಿಲ್ಲಿಸಿದರೂ ತೆಪ್ಪ ಗಿರಗಿರ. ಮುಳುಗಿದ್ದೇ ಮುಳುಗಿದ್ದು. ನಿವೃತ್ತಿಯಾದ ಮೇಲೆ ಇಷ್ಟು ನಕ್ಕಿರಲಿಲ್ಲ.

ಬಾಯಿ ಸಡಿಲವಾಗಿತ್ತು. ಕೇಳಿಯೇ ಬಿಟ್ಟೆ — ನಿಮ್ಮಪ್ಪ ಅಟ್ಟಕ್ಕೆ ಹತ್ತುತ್ತಾನೇನಮ್ಮ?

"ತಿಂಗಳಿಗೊಂದ್ಸಲ. ಕೊಳೆತಿರೋದು ಆರಿಸಿ ತೆಗೀತಾರೆ. ಒಂದು ಸೋರಿದ್ರೆ ಸುತ್ತ ಇರೋದೆಲ್ಲ ಹಾಳಲ್ವಾ?"

"ಅವನ ಕಡೆಯದು."

"ನಿಮ್ಮ ಕಡೇದೂ ದೊಡ್ಡಪ್ಪ. ನಿಮ್ಮ ಮಂಡಿ ನೋವು ಶುರುವಾದಾಗಿಂದ. ನಿಮ್ಗೆ ಗೊತ್ತಿಲ್ವಾ?... ಬಂಡೆ, ಬಂಡೆ! ದೊಡ್ಡಪ್ಪಾ, ಕೈ ಯಾಕೆ ಬಿಟ್ರಿ?"

ಆಗಸ್ಟ್ 3, ಭಾನುವಾರ

ಇಷ್ಟು ದಿನ ಏನೂ ಬರೆಯಲಾಗಲಿಲ್ಲ.

ಇವತ್ತು ಅಟ್ಟ ಹತ್ತಿದೆ. ಗಿರಿಜಾಂಬಿಕಾ ಏಣಿ ಹಿಡಿದು ಬೈಯುತ್ತಲೇ ಇದ್ದಳು. ನಮ್ಮ ರಾಶಿಯಲ್ಲಿ ಕೈ ಹಾಕಿದಲ್ಲೆಲ್ಲ ಗಟ್ಟಿ ಕಾಯಿ. ವಾಸನೆಯಿಲ್ಲ. ಗಳುವಿನ ಆಚೆ ಒಂದು ಮಂಕರಿ, ಅದರಲ್ಲಿ ಕೊಳೆತು ಕಪ್ಪಾದವು. ಮೇಲಿದ್ದ ಎರಡರ ಮೇಲೆ ನಮ್ಮ ತೋಟದ ಸುಣ್ಣದ ಗುರುತು.

ಒಳ್ಳೆಯದು ಒಂದೂ ಕೊಂಡುಹೋಗಿಲ್ಲ. ಕೆಟ್ಟದ್ದು ಮಾತ್ರ ಹೊತ್ತಿದ್ದಾನೆ. ನಾನು ಅಪ್ಪನ ಅಟ್ಟವನ್ನು ಹೊಗಳಿಕೊಂಡು ತಿರುಗಿದೆ.

ಟವಲ್ ಒಗೆಸಿ ಮಡಿಸಿಟ್ಟಿದ್ದೇನೆ. ಅರ್ಜಿ ಒಲೆಗೆ ಹಾಕಿದೆ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಹೆಂಗಸರು ಅರಿಶಿನ ಕುಂಕುಮಕ್ಕೆ ಹೋಗಿದ್ದರು. ನಾನೂ ಇಂಪನಾಳೂ ತೆಪ್ಪದಲ್ಲಿ. ಅರ್ಧ ಹೊಳೆ ದಾಟುವಷ್ಟರಲ್ಲಿ ಆಚೆಯ ಹುಟ್ಟು ಒರಟಾಯಿತು. ಸುಮ್ಮನೆ ಜಗ್ಗಾಟ.

"ಎಡಕ್ಕೆ ಕಣಮ್ಮ!"

ಫೋನಿನಲ್ಲಿ ಕೆಮ್ಮು. ಆ ಕೆಮ್ಮನ್ನು ಗೋಡೆಯ ಮೂಲಕ ಹದಿಮೂರು ವರ್ಷ ಕೇಳಿದ್ದೇನೆ. ಮಗಳು ಕಂಟ್ರೋಲರ್ ಅವನ ಕೈಗೆ ಕೊಟ್ಟಿದ್ದಾಳೆ.

ನನ್ನ ಬಾಯಿಂದ ಬಂದದ್ದು ಇಷ್ಟೇ: "ಎಡಕ್ಕೆ ಕಣ್ಲಾ."

ತೆಪ್ಪ ಒಂದು ಸುತ್ತು ಗಿರಗಿರ ತಿರುಗಿತು. ಆಮೇಲೆ:

"ಎಡಕ್ಕೇ ಎಳೀತಾ ಇವ್ನಿ ಕಣಣ್ಣ. ನೀನು ಬಲಕ್ಕೆ ಜಗ್ಗೋದು ಬುಡು."

ಮುಳುಗಿತು. ಇಂಪನಾ ಹಿಂದಿನಿಂದ ಗೊಳ್ಳನೆ ನಕ್ಕಳು.

"ಇನ್ನೊಂದ್ಸಲ," ಎಂದೆ. ಮತ್ತೆ ಹೊರಟೆವು. ಧೈರ್ಯ ಮಾಡಿದೆ. "ಸಿದ್ದ, ನಮ್ಮ ಕಡೆ ಕಾಯಿ ಯಾಕೋ ಆರಿಸ್ತಿದ್ದೆ?"

"ಬಂಡೆ ಬತ್ತಾ ಐತೆ. ನೋಡ್ಕೊ."

"ಕೇಳಿದ್ದಕ್ಕೆ ಹೇಳು."

"ಸುಳಿ ಐತೆ ಕಣಣ್ಣ, ಸುಮ್ಕೆ ಹಾಕು ಹುಟ್ಟು."

ದಡ ಮುಟ್ಟಿದೆವು. ಮೊದಲ ಸಲ. ಉತ್ತರ ಮಾತ್ರ ಬರಲಿಲ್ಲ.

ಆಗಸ್ಟ್ 10, ಭಾನುವಾರ, ಬೆಳಿಗ್ಗೆ

ಈ ಅನ್ಯಾಯವನ್ನೂ ದಾಖಲಿಸುತ್ತೇನೆ. ಗೋಡೆ ಕಟ್ಟಿದ್ದು ಹಾಡುಹಗಲು, ಊರೆಲ್ಲ ನೋಡುವಂತೆ. ನಾನು ಅವನನ್ನು ದೂರಿದ್ದೂ ಹಾಗೆಯೇ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆಮನೆಗಳಲ್ಲಿ. ಕೇಳದವರಿಲ್ಲ. ಆದರೆ ಅವನು ನನಗೆ ಮಾಡಿದ ಉಪಕಾರ ಮಾತ್ರ ಅಟ್ಟದ ಕತ್ತಲಲ್ಲಿ, ಕದ್ದು. ಇದು ಯಾವ ನ್ಯಾಯ? ನನಗೆ ಕೃತಜ್ಞತೆ ಹೇಳುವ ಹಕ್ಕು ಇಲ್ಲವೇ?

ಟವಲ್ ಹೆಗಲ ಮೇಲಿದೆ. ಗಿರಿಜಾಂಬಿಕಾ ಕಾಫಿಗೆ ಎರಡು ಲೋಟ ಹೆಚ್ಚಿಗೆ ಇಟ್ಟಿದ್ದಾಳೆ. ಅವನು ಹೊರಗೆ ಬಂದ ಸದ್ದಾಯಿತು. ಬೀದಿಯಲ್ಲಿ ಅಂದು ಗೋಡೆ ನೋಡಿದ ಜನವೇ ಓಡಾಡುತ್ತಿದ್ದಾರೆ. ಒಳ್ಳೆಯದಾಯಿತು. ಎಲ್ಲರೂ ಕೇಳಲಿ. ಕಾಡಸಿದ್ದಪ್ಪ ಜಗಲಿಯ ಮೇಲೆ ನಿಂತು, ಇಷ್ಟು ಜನರ ಎದುರು, ಗಟ್ಟಿಯಾಗಿ ಉತ್ತರ ಕೊಡಬೇಕು: ಯಾಕೋ ಸಿದ್ದ, ನನ್ನ ಕಾಯಿ ಯಾಕೆ ಆರಿಸ್ತಿದ್ದೆ? ಪೆನ್ನು ಇಲ್ಲಿಡುತ್ತೇನೆ, ಹೊರಗೆ ಹೋಗಿ ಕೇಳಬೇಕು.