ಕೆಳಗಿಳಿಯದ ನಕ್ಷೆ

ಬಿಡದಿ
೯ ಆಗಸ್ಟ್ ೨೦೦೭

ಪ್ರೀತಿಯ ಕುಮಾರ,

ಹೇಗಿದ್ದೀಯ? ಮೈಸೂರಿನಲ್ಲಿ ನಿನ್ನ ಗೆಳೆಯ ಖಲಂದರ್ ಮನೆಯವರು ಹೊಟ್ಟೆ ತುಂಬ ಬಡಿಸುತ್ತಿದ್ದಾರಾ, ಕೈಯ ಗಾಯ ಮಾಗಿತಾ? ಈ ಕಾಗದವನ್ನು ಅವನ ಕೈಗೇ ಕೊಟ್ಟಿದ್ದೇನೆ. ಅಪ್ಪನ ಭುಜದ ಮೂಳೆ ಇನ್ನೂ ಕೂಡಿಲ್ಲ. ನಮ್ಮ ಡಿಸೈನ್ ರೂಮಿನ ಮನೋಹರನ ಅಣ್ಣಂದಿರು ಹಗಲಲ್ಲೇ ಕುರಿ ರೊಪ್ಪಕ್ಕೆ ನುಗ್ಗಿ ದೊಣ್ಣೆಯಲ್ಲಿ ಬಡಿದರು. ಅಪ್ಪ ಬಿದ್ದ ಮೇಲೂ ನಿಲ್ಲಿಸಲಿಲ್ಲ. ಮರಿ ಹಾಕಬೇಕಿದ್ದ ಎರಡು ಕುರಿಗಳ ಕಾಲು ಮುರಿದು, "ನಿನ್ ಮಗನಿಗೂ ಇದೇ ಗತಿ ಕಣ್ಲಾ, ಹೇಳ್ಬುಡು" ಎಂದು ಹೋದರು. ಚಿಕ್ಕಪ್ಪನ ಮಗ ಲೋಕೇಶ ಆ ಕುರಿಗಳನ್ನು ಹಿಡಿದುಕೊಂಡ, ಅಪ್ಪ ಒಂದೇ ಕೈಯಲ್ಲಿ ಕೊಯ್ದರು.

ಕುಮಾರ, ಆ ಹತ್ತು ಪದರದ ಸರ್ಕ್ಯೂಟ್ ಬೋರ್ಡುಗಳನ್ನು ಹಾಳುಮಾಡಿದ್ದು ನೀನಲ್ಲ. ನಮ್ಮ ಡಿಸೈನ್ ರೂಮಿಗೆ ಹೊಸ ಸಾಫ್ಟ್‌ವೇರ್ ಬಂದಿದೆ, ಅದನ್ನು ನೋಡಿದ ಮೇಲೆ ತಿಳಿಯಿತು. ಪ್ರತಿ ತೂತೂ ಯಾವ ಪದರದಿಂದ ಯಾವ ಪದರದವರೆಗೆ ಎಂದು ಅದೇ ಕೇಳುತ್ತದೆ. ಎರಡೇ ಪದರ ಇಳಿದು ನಿಲ್ಲುವ ತೂತಿಗೆ ಒಂದು ಡ್ರಿಲ್ ಫೈಲ್, ಹೊರಗೆ ಕಾಣದೆ ಒಳಗೇ ಹೂತುಹೋಗುವ ತೂತಿಗೆ ಇನ್ನೊಂದು. ಹಳೆಯ ಸಾಫ್ಟ್‌ವೇರಿಗೆ ಈ ಬದಿಯಿಂದ ಆ ಬದಿಗೆ ಹೋಗುವ ತೂತು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅದಕ್ಕೇ ಮನೋಹರ್ ನಮ್ಮ ರೂಮಿನ ರೂಢಿಯಂತೆ ಆಳವನ್ನು ನಕ್ಷೆಯ ಅಂಚಿನಲ್ಲಿ ಪೆನ್ನಿನಲ್ಲಿ ಬರೆದ. ನಕ್ಷೆ ಮಹಡಿಯ ಎ.ಸಿ. ರೂಮಿನಲ್ಲೇ ಉಳಿಯಿತು. ಕೆಳಗೆ ನಿನ್ನ ಮಿಷನ್ನಿಗೆ ಬಂದದ್ದು ಫೈಲ್ ಮಾತ್ರ. ಅದು ಹೇಳಿದಂತೆ ನೀನು ಕೊನೆಯ ಪದರದವರೆಗೂ ಕೊರೆದೆ.

"ಬರೆದಿದ್ದು ಓದೋಕೆ ಬರಲ್ವೇನೋ? ಕುರಿ ಕಾಯೋನ ಕೈಗೆ ಮಿಷನ್ ಕೊಟ್ರೆ ಇನ್ನೇನಾಗುತ್ತೆ!" ಎಂದು ಅವನು ಎಲ್ಲರೆದುರು ಕೆನ್ನೆಗೆ ಹೊಡೆದ. ನಾನೂ ಅದೇ ಕುರಿ ಕಾಯೋರ ಮನೆಯವಳೆಂದು ಅಲ್ಲಿ ಯಾರಿಗೂ ನೆನಪಿರಲಿಲ್ಲ. ನೀನು ಹಾಳಾದ ಬೋರ್ಡನ್ನೇ ಬೀಸಿದೆ. ಅದರ ಮೂಲೆ ಅವನ ಕಣ್ಣಿಗೆ ನುಗ್ಗಿದ್ದನ್ನು ಮೆಟ್ಟಿಲ ಮೇಲಿಂದ ನಾನು ನೋಡಿದೆ. ತಪ್ಪು ನಿನ್ನದಲ್ಲವೆಂದು ತಿಳಿದ ಮೇಲೆ ಸಮಾಧಾನವಾಗಬೇಕಿತ್ತು, ಆಗುತ್ತಿಲ್ಲ. ಹೋದ ಕಣ್ಣು ಅದರಿಂದ ಒಸಿಯಾದರೂ ಹಿಂದಿರುಗುತ್ತದೆಯೇ?

ನಿನ್ನೆ ಆಸ್ಪತ್ರೆಗೆ ಹೋಗಿ ಮನೋಹರನಿಗೆ ಎಲ್ಲವನ್ನೂ ಹೇಳಿದೆ. ಅವನು, "ನಾನು ಬರೆದಿದ್ದೆ ಮೇಡಂ" ಎಂದ. ಅಷ್ಟೇ. ಅವನ ಅಣ್ಣ ನನ್ನ ಜಡೆ ಹಿಡಿದು ವಾರ್ಡಿನ ಬಾಗಿಲವರೆಗೂ ಎಳೆದ. ಇದನ್ನೋದಿ ರೇಗಬೇಡ. ಆಗ ನನ್ನ ಕೈಯೂ ಪಕ್ಕದ ಸ್ಟೀಲ್ ಟ್ರೇಯನ್ನು ಹುಡುಕಿತು. ಎತ್ತಲಿಲ್ಲ, ಆದರೆ ಹುಡುಕಿತು. ಹೆದರಿಕೆಯಾದದ್ದು ಅವನನ್ನು ಕಂಡಲ್ಲ.

ಅಪ್ಪ ಕೈ ಎತ್ತಲಾರರು. ಆಶೀರ್ವಾದವನ್ನು ಬಾಯಲ್ಲೇ ಹೇಳಿ ಕಳಿಸಿದ್ದಾರೆ.

ನಿನ್ನ ಅಕ್ಕ,
ಅಂಬ

ಪುನಶ್ಚ: ಭಾನುವಾರ ಲೋಕೇಶನಿಂದ ಮಚ್ಚು ತರಿಸಿಕೊಂಡು ಮನೋಹರನ ಮನೆಗೆ ನುಗ್ಗುತ್ತೀಯಂತೆ. ಲೋಕೇಶ ಬರುವುದಿಲ್ಲ. ಮಚ್ಚನ್ನು ನಾನು ಕಿತ್ತುಕೊಂಡಿದ್ದೇನೆ. ಬಿಡದಿ ರೈಲ್ವೆ ಸ್ಟೇಷನ್ನಿನಲ್ಲಿ ಅವರ ಜನ ಕಾಯುತ್ತಿದ್ದಾರೆ, ಚನ್ನಪಟ್ಟಣದಲ್ಲೇ ಇಳಿ. ಕೆಂಗಲ್ ದೇವಸ್ಥಾನದ ಮುಂದೆ ಲಾಯರ್ ಮುಕ್ತಿಯಾರ್ ಜೊತೆ ನಾನಿರುತ್ತೇನೆ. ಅಲ್ಲಿಂದ ನೇರ ಪೊಲೀಸ್ ಸ್ಟೇಷನ್ನಿಗೆ, ನನ್ನ ಜೊತೆಯಲ್ಲೇ. ಬರಿಗೈಯಲ್ಲಿ ಬಾ.