ಗಾಳಿಗುಡ್ಡದ ಮೊಗೆಕಾಯಿ

ಮೇ 24, 1998

ಇವತ್ತೂ ಮಣ್ಣು ಹೊತ್ತೆ. ಗುಡ್ಡದ ಬುಡದಿಂದ ನೆತ್ತಿಗೆ, ಸಿಮೆಂಟ್ ಚೀಲದಲ್ಲಿ. ಮಣ್ಣನ್ನು ಮೇಲಕ್ಕೆ ಹೊರುವ ಏಕೈಕ ಬಿ.ಎ. ವಿದ್ಯಾರ್ಥಿ ನಾನೇ ಇರಬೇಕು. ಚರಿತ್ರೆ ಗಮನಿಸಲಿ.

ಕಾರಣ ಭೂಮಿಕಾ ಅತ್ತಿಗೆ. ತರಕಾರಿ ಬೆಳೆಯಬೇಕಂತೆ, ಇಲ್ಲಿ. ಇಲ್ಲಿ ಎಂದರೆ ಒಂದು ಟೆಲಿಫೋನ್ ಟವರ್, ಅದರ ಕಾಲಡಿಯಲ್ಲಿ ಕಾರ್ತಿಕಣ್ಣನ ಕ್ವಾರ್ಟರ್ಸ್, ಸುತ್ತ ಬೋಳು ಜಂಬಿಟ್ಟಿಗೆ ಕಲ್ಲು, ಮತ್ತೆ ಗಾಳಿ. ಮಳೆ ಬಿದ್ದ ಮರುಬೆಳಿಗ್ಗೆ ಕಣಿವೆಯೆಲ್ಲ ಮಂಜು ತುಂಬಿ ನೆತ್ತಿಯೊಂದೇ ತೇಲುತ್ತದೆ. ಉತ್ತರ ದ್ವೀಪ ಎಂದು ನಾಮಕರಣ ಮಾಡಿದ್ದೇನೆ. ಜನಸಂಖ್ಯೆ ಎರಡು. ಕಾಲೇಜಿಗೆ ರಜೆಯಿದ್ದಾಗ ಮೂರು.

ಕೆಳಗೆ, ಹೇರೂರಿನ ದಾರಿಯಲ್ಲಿ, ಊರು. ಅಲ್ಲಿ ನಮ್ಮ ಮನೆ, ನಮ್ಮಿಬ್ಬರನ್ನು ಹೆತ್ತ ಆಯಿ. ಅಣ್ಣ ದಾಸನಕೊಪ್ಪದ ಹುಡುಗಿಯನ್ನು, ನಮ್ಮ ಜಾತಿಯಲ್ಲದವಳನ್ನು, ರಿಜಿಸ್ಟರ್ ಮದುವೆಯಾದ ದಿನದಿಂದ ಆಯಿ ಈ ಕಡೆ ತಲೆಯೆತ್ತಿ ನೋಡಿಲ್ಲ. ಆಯಿ ಹತ್ತದ ಗುಡ್ಡವನ್ನು ಊರೂ ಹತ್ತುವುದಿಲ್ಲ. ಎರಡು ದೇಶಗಳ ನಡುವೆ ರಾಯಭಾರಿ ನಾನೊಬ್ಬನೇ. ಸಂಬಳವಿಲ್ಲ, ಎರಡೂ ಕಡೆ ಊಟವಿದೆ.

ಮೇ 31

ಬೆಂಡೆ, ಬೀನ್ಸ್, ಹರಿವೆ ಬಿತ್ತಿ ಆಯಿತು. ತಗಡಿನ ಮೇಲೆ ಬಣ್ಣದಲ್ಲಿ ಬೋರ್ಡು ಬರೆದು ನೆಟ್ಟೆ — ‘ಗಾಳಿಗೆ ಪ್ರವೇಶವಿಲ್ಲ. ಅಪ್ಪಣೆ ಮೇರೆಗೆ.’ ಅತ್ತಿಗೆ ನಕ್ಕಳು. ಈ ಗುಡ್ಡದಲ್ಲಿ ಅವಳು ನಕ್ಕದ್ದು ನಾನು ಕಂಡದ್ದು ಇದೇ ಮೊದಲು.

ಜೂನ್ 14, ಮಧ್ಯಾಹ್ನ

ಮಳೆಗಾಲ ಬಂತು. ಬಂತು ಎನ್ನುವುದಕ್ಕಿಂತ ಮೈಮೇಲೆ ಬಿತ್ತು ಎನ್ನಬೇಕು. ಇಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ಬಡಿಯುತ್ತದೆ. ಬೋರ್ಡು ಹಾರಿಹೋಯಿತು. ಬೀನ್ಸ್ ಬಳ್ಳಿ ಹಗ್ಗದ ಸಮೇತ ಮಾಯ. ಹೊತ್ತ ಮಣ್ಣು ಬಂದ ದಾರಿಯಲ್ಲೇ ಕೆಳಗಿಳಿಯಿತು. ನಾನು ಹೊತ್ತದ್ದಕ್ಕಿಂತ ಎಷ್ಟೋ ವೇಗವಾಗಿ.

ಥಂಡಿ ಎಂದರೆ ಥಂಡಿ. ಎರಡು ಕಂಬಳಿ ಹೊದ್ದು ಬರೆಯುತ್ತಿದ್ದೇನೆ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಣ್ಣ ಹೇಳಿದ, ಇಲ್ಲಿ ಸಾಕು, ದೀಪಾವಳಿ ಮುಗಿದ ಮೇಲೆ ಹುಬ್ಬಳ್ಳಿಗೆ ವರ್ಗ ಕೇಳುತ್ತೇನೆ, ಒಮ್ಮೆ ಹೋದರೆ ಮತ್ತೆ ಈ ತಾಲೂಕಿಗೆ ಬರುವುದಿಲ್ಲ, ಎಂದು. ಅತ್ತಿಗೆ ತಟ್ಟೆ ನೋಡಿಕೊಂಡೇ ಹೇಳಿದಳು, “ಒಂದು ಬೆಳಿ ತಗದು ಹೋಗೂಣು. ಸೋತು ಹೋಗಾಕ ನಾ ಒಲ್ಲೆ.”

ಹಾಗಾದರೆ ದೀಪಾವಳಿವರೆಗೆ.  ಅಣ್ಣ ಹೋದರೆ ಆಯಿ ಮತ್ತೆ ಅವನ ಮುಖ ನೋಡುವುದು ಯಾವಾಗ?

ಜುಲೈ 5

ದೊಡ್ಡ ತಮಾಷೆಯೆಂದು ಮಾಡಿದೆ. ಸಿದ್ದಾಪುರದ ಸಂತೆಯಿಂದ ನಾಲ್ಕು ಬದನೆಕಾಯಿ ತಂದು, ಉಳಿದಿದ್ದ ಒಂದೇ ಒಂದು ಬೋಳು ಬದನೆಗಿಡಕ್ಕೆ ದಾರದಲ್ಲಿ ಕಟ್ಟಿದೆ. ಅತ್ತಿಗೆ ಕಿಟಕಿಯಿಂದ ಕಂಡಳು. ಕೊಡೆಯೂ ಇಲ್ಲದೆ ಓಡಿ ಬಂದಳು. ಗಿಡದ ಮುಂದೆ ಕೂತಳು. ದಾರ ಕಂಡಳು.

ಬೈದಿದ್ದರೆ ಚೆನ್ನಾಗಿತ್ತು. ನಾಲ್ಕೂ ಬಿಚ್ಚಿಕೊಂಡು ಹೋಗಿ ಎಣಗಾಯಿ ಮಾಡಿ ನನಗೇ ಬಡಿಸಿದಳು. ಬಹಳ ರುಚಿಯಾಗಿತ್ತು. ಶಿಕ್ಷೆ ಅದೇ.

ಆಗಸ್ಟ್ 2

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಬೆಳೆಯಲಿಲ್ಲ.

ಇವತ್ತು ಅತ್ತಿಗೆ ನನ್ನನ್ನು ಟವರಿನ ಹಿಂದೆ ಕರೆದೊಯ್ದಳು. ಕ್ವಾರ್ಟರ್ಸ್ ಕಟ್ಟುವಾಗ ಕಲ್ಲು ಕಡಿದು ತೆಗೆದ ಗುಂಡಿಯಿದೆ ಅಲ್ಲಿ, ಆಳುದ್ದ, ಗೋಡೆಗಳು ಕೊಯ್ದಂತೆ ನೇರ. ಮೊಣಕಾಲುವರೆಗೆ ನೀರು. ಇಳಿ ಎಂದಳು. ಇಳಿದೆ. ಮೇಲೆ ಗಾಳಿ ಹುಯ್ಯೆನ್ನುತ್ತಿತ್ತು. ಕೆಳಗೆ ನನ್ನ ಕೂದಲೂ ಅಲುಗಲಿಲ್ಲ.

“ಗಾಳಿ ಜೋಡಿ ಜಗಳಾ ಆಡೂದು ಬ್ಯಾಡ ವೈಭವ. ಅದರ ಕಾಲ್ಕೆಳಗ ಕುಂತು ಬೆಳಿಯೂಣು,” ಎಂದಳು.

ಇಳಿಜಾರಿನ ಕಡೆಯ ಗೋಡೆ ಒಡೆದು ನೀರಿಗೆ ದಾರಿ ಮಾಡಬೇಕು. ಹಾರೆ ಹಿಡಿದದ್ದು ಮೂವರೂ. ಅಣ್ಣನೂ. ‘ಹೋಗುವವರಿಗೆ ಇದೆಲ್ಲ ಯಾಕೆ’ ಎಂದು ಗೊಣಗುತ್ತಲೇ ಅತಿ ಹೆಚ್ಚು ಕಡಿದವನು ಅವನೇ.

ಆಗಸ್ಟ್ 9

ನೀರು ಹೋಯಿತು. ಇಳಿಯಲು ಒಂದು ಮೂಲೆಯಲ್ಲಿ ಮೆಟ್ಟಿಲು ಕಡಿದು, ಸೊಪ್ಪು, ಗೊಬ್ಬರ, ಮಣ್ಣು ತುಂಬಿದೆವು. ಬೆಂಡೆ, ಹರಿವೆ ಜೊತೆಗೆ ಮೊಗೆ ಬೀಜ ಊರಿದೆವು, ಪೇಟೆಯವರು ಸಾಂಬಾರು ಸೌತೆ ಎನ್ನುತ್ತಾರಲ್ಲ, ಅದು. ಹುಳಿಗೆ ಮೊಗೆಕಾಯಿಯಷ್ಟು ಯೋಗ್ಯವಾದದ್ದು ಈ ಭೂಮಂಡಲದಲ್ಲಿ ಇಲ್ಲ ಎಂದು ಘೋಷಿಸಿದೆ. ನಿಮ್ಮ ಆಯಿ ಹಂಗ ಮಾಡ್ತಾರೇನು, ಎಂದು ಅತ್ತಿಗೆ ಕೇಳಿದಳು. ಹೌದೆಂದೆ. ಇನ್ನೆರಡು ಬೀಜ ಹೆಚ್ಚಿಗೆ ಊರಿದಳು.

ಸೆಪ್ಟೆಂಬರ್ 13

ಹೂ!! ಹಳದಿ. ಗುಂಡಿಯ ಗೋಡೆ ತುಂಬ ಬಳ್ಳಿ. ನಾನು ಕೈಮುಗಿದು ಒಂದು ಸ್ವಾಗತ ಭಾಷಣ ಮಾಡಿದೆ. ಸಭಿಕರು: ಒಂದು ಕಪ್ಪೆ.

ಅಕ್ಟೋಬರ್ 16

ಮೊಗೆಕಾಯಿ ಬಲಿತಿವೆ, ಪಟ್ಟೆಪಟ್ಟೆ. ಒಬ್ಬರಿಗೂ ತೋರಿಸಲಾಗಿಲ್ಲ. ಅತ್ತಿಗೆ ಒರೆಸಿ ಒರೆಸಿ ಹಾಗೇ ಬಿಡುತ್ತಾಳೆ. ಕೊಯ್ದು ಯಾರಿಗೆ ಕೊಡಲಿ ಎನ್ನುತ್ತಾಳೆ.

ನಾಡಿದ್ದು ದೀಪಾವಳಿಯ ನೀರು ತುಂಬುವ ಹಬ್ಬ. ಅಂದಿನ ರಾತ್ರಿ ಬೂರೆ ಕಳ್ಳತನ — ನನ್ನಂಥವರಿಗಾಗಿ ಹಿರಿಯರು ದಯಪಾಲಿಸಿದ ಏಕೈಕ ಹಬ್ಬ. ಕಂಡವರ ಹಿತ್ತಲಿನ ಸೌತೆ, ಬಾಳೆಗೊನೆ ಏನನ್ನೂ ಕದಿಯಬಹುದು. ಪಾಪವಿಲ್ಲ. ಸಿಕ್ಕಿಬಿದ್ದರೆ ಮಾತ್ರ ವರ್ಷವಿಡೀ ನಗೆಪಾಟಲು. ನಿಯಮ ಒಂದೇ: ಊರಿನವರದ್ದನ್ನೇ ಕದಿಯಬೇಕು. ಹೊರಗಿನವರದ್ದು ಮುಟ್ಟಿದರೆ ಅದು ಬರೀ ಕಳ್ಳತನ. ಏನೂ ಕಳುವಾಗದ ಮನೆಯವರು ಬೆಳಿಗ್ಗೆ ಮುಖ ಸಣ್ಣ ಮಾಡಿಕೊಳ್ಳುವುದನ್ನು ಕಂಡಿದ್ದೇನೆ.

ಹೋದ ವರ್ಷ ಗುಡ್ಡಕ್ಕೆ ಯಾರೂ ಹೋಗಲಿಲ್ಲ. ಈ ಸಲ ನಾನೇ ಕದ್ದು, ಊರು ಕದ್ದಿತೆಂದು ನಂಬಿಸಿದರೆ? ಸುಲಭ. ಆದರೆ ಆ ಬದನೆಕಾಯಿಯ ದಾರ ನೆನಪಾಗುತ್ತದೆ. ಬೇಡ. ಗೆಳೆಯರಿಗೂ ಬಾಯಿ ಬಿಡುವುದಿಲ್ಲ. ಅತ್ತಿಗೆಗೂ ಹೇಳುವುದಿಲ್ಲ — ಅವಳ ತವರಿನಲ್ಲಿ ಈ ಪದ್ಧತಿ ಇಲ್ಲ. ಗೊತ್ತಾದರೆ ಕಾಯುತ್ತಾಳೆ. ಬರದಿದ್ದರೆ...

ಅಕ್ಟೋಬರ್ 19, ಬೆಳಿಗ್ಗೆ. ಎಣ್ಣೆಸ್ನಾನವಾಗಿ

ನಗು ನಿಂತ ಮೇಲೆ ಬರೆಯೋಣವೆಂದರೆ ನಿಲ್ಲುತ್ತಿಲ್ಲ.

ರಾತ್ರಿ ನಾನು, ವಿಘ್ನೇಶ್ವರ, ಮಂಜ, ಇನ್ನಿಬ್ಬರು. ನಾನು ಮೌನವ್ರತ ಪಾಲಿಸಿದೆ. ಎರಡು ಹಿತ್ತಲು ಮುಗಿದ ಮೇಲೆ ವಿಘ್ನೇಶ್ವರನೇ ಅಂದ, “ಗುಡ್ಡದ ಮೇಲೆ ಮೊಗೆಕಾಯಿ ಬಿಟ್ಟಿದ್ದಡ. ಸುಳ್ಳೇ ಇರವು. ನೋಡ್ಕಂಡೇ ಬಪ್ಪನ.” ಗುಡ್ಡದವರದ್ದು ಕದೀಬಹುದಾ ಎಂದ ಮಂಜ.  ಕಾಲುಗಳು ಆಗಲೇ ಹತ್ತುತ್ತಿದ್ದವು. ನನ್ನ ಎದೆಬಡಿತ ಅವರಿಗೆ ಕೇಳಿಸದಿರಲೆಂದು ಕೆಮ್ಮಿದೆ.

ಗುಂಡಿಗೆ ಇಳಿದು ಕಾಯಿಗೆ ಕೈ ಹಾಕಿದ್ದೇವೆ. ಮೆಟ್ಟಿಲ ಮೇಲಿನಿಂದ ಟಾರ್ಚು. ಓಡಲು ದಾರಿಯಿಲ್ಲ. ಗುಂಡಿಯಲ್ಲಿ ತೋಟ ಮಾಡಿದವರಿಗೆ ಈ ಲಾಭವೂ ಉಂಟು. ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಐದು ಜನ ಕುಕ್ಕರುಗಾಲಲ್ಲಿ.

ಅತ್ತಿಗೆ ನೋಡಿದಳು. ನಾವು ತರಕಾರಿ ನೋಡಲು ಬಂದ ಊರವರೆಂದೇ ಅವಳಿಗನ್ನಿಸಿದ್ದು. ದೇವರಾಣೆ.

“ಇಷ್ಟೊತ್ತಿಗೆ ಬಂದೀರಲ್ರಿ. ಥಂಡಿ ಐತಿ. ಬರ್ರಿ, ಒಳಗ ಬರ್ರಿ, ಚಾ ಕುಡದು ಹೋಗ್ರಿ.”

ಹೋದೆವು. ಮತ್ತೇನು ಮಾಡುವುದು? ಇಡೀ ಊರು ಕಾಲಿಡದ ಮನೆಯಲ್ಲಿ ಗೋಡೆಗೊರಗಿ ಸಾಲಾಗಿ ಕೂತು, ಕಳ್ಳರು ಬಸಿ-ಕಪ್ಪಿನಲ್ಲಿ ಚಾ ಕುಡಿದೆವು. ಕಂಬಳಿ ತೆಗೆಯದಿದ್ದರೂ ನನ್ನ ಮುಂದೆ ಮಾತ್ರ, ಎಂದಿನಂತೆ, ಸಕ್ಕರೆ ಕಡಿಮೆಯ ಕಪ್ಪು ಬಂತು. ಅಣ್ಣ ಒಳಗಿನಿಂದ ಬಂದು ಒಂದು ಕ್ಷಣ ನೋಡಿ, ಗೋಡೆ ಕಡೆ ತಿರುಗಿದ. ಭುಜ ಕುಣಿಯುತ್ತಿತ್ತು. ಹೊರಡುವಾಗ ಅತ್ತಿಗೆ ತಲೆಗೊಂದರಂತೆ ಮೊಗೆಕಾಯಿ ಕೊಟ್ಟಳು, ಒರೆಸಿ.

ವಿಘ್ನೇಶ್ವರ ದಾರಿಯುದ್ದಕ್ಕೂ ಕಾಯಿಯನ್ನು ಕಂಬಳಿಯಲ್ಲಿ ಮುಚ್ಚಿಕೊಂಡೇ ಬಂದ. ಕೆಳಗೆ ಬಂದಮೇಲೆ ಕಾಯಿ ತೂಗಿ ನೋಡಿ, ಭಾರ ಇದ್ದು ಮಾರಾಯ, ಅಂದ.

ಅಕ್ಟೋಬರ್ 19, ಸಂಜೆ

ಸುದ್ದಿ ಊರೆಲ್ಲ ಸುತ್ತಿ ಆಯಿಯ ಅಡಿಗೆಮನೆಗೆ ಬಂತು. ಆಯಿ ಸೌಟು ಹಿಡಿದು ನನ್ನ ಮುಂದೆ ನಿಂತಳು.

“ಬೂರೆ ಕಳ್ಳರಿಗೆ ಕರೆದು ಚಾ ಕೊಡದನಾ? ಮುಂದಿನ ವರ್ಷ ಯಾವ ಕಳ್ಳ ಆ ಗುಡ್ಡ ಹತ್ತಿ ಬತ್ತ? ಅದಕ್ಕೆ ಯಾರೂ ಹೇಳಿದ್ವಿಲ್ಯ?” ‘ಅದಕ್ಕೆ’ ಎಂದರೆ ಅತ್ತಿಗೆಗೆ.

ಹೇಳಬೇಕಾದವರು ಗುಡ್ಡ ಹತ್ತಲಿಲ್ಲವಲ್ಲ ಎಂದೆ. ಸೌಟು ಬೀಳುತ್ತದೆಂದು ತಲೆ ಬಗ್ಗಿಸಿದ್ದೆ. ಬೀಳಲಿಲ್ಲ. ಆಯಿ ಒಲೆ ಕಡೆ ತಿರುಗಿ, ತುಂಬ ಹೊತ್ತು, ಕುದಿಯದ ಸಾರನ್ನು ಕಲಕಿದಳು.

‘ಮುಂದಿನ ವರ್ಷ’ ಅಂದಳು. ನಾನು ಕೇಳಿಸಿಕೊಂಡೆ.

ಅಕ್ಟೋಬರ್ 21, ಬಲಿಪಾಡ್ಯಮಿ, ನಮ್ಮ ದೊಡ್ಡಹಬ್ಬ. ಗುಡ್ಡದ ಮೇಲೆ

ಗೋಪೂಜೆ ಮುಗಿಸಿ ಬಂದು ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ. ಆಯಿ ಬಂದಿದ್ದಾಳೆ. ಒಬ್ಬಳೇ ಹತ್ತಿ ಬಂದಳು, ತಿರುವು ತಿರುವಿಗೂ ನಿಂತು ಗಾಳಿಗೆ ಬೈಯುತ್ತ. ಅಣ್ಣನ ಮುಖ ನೋಡಲಿಲ್ಲ, ಅವನ ಸಡಿಲ ಅಂಗಿ ನೋಡಿದಳು. ಸೀದಾ ಗುಂಡಿಯ ಅಂಚಿಗೆ ಹೋಗಿ ಬಗ್ಗಿದಳು. ಕೆಳಗೆ ಅತ್ತಿಗೆ, ಉಸಿರೇ ಇಲ್ಲದವಳ ಹಾಗೆ.

“ಬೆಂಡೆಕಾಯಿ ಹಿಂಗೆ ಬಲಿಯಲೆ ಬಿಡ್ತ್ವನೆ ಕೂಸೆ?”

ಅತ್ತಿಗೆಗೆ ಅರ್ಧ ಅರ್ಥವಾಗಿರಬೇಕು. ಬೈಗುಳವೆಂಬುದಂತೂ ಗೊತ್ತಾಯಿತು. ಕಣ್ಣೊರೆಸಿಕೊಂಡು ಕೈ ಚಾಚಿದಳು. “ನೀವಽ ಇಳದು ಕಾಯಿ ಹರಿಯೂದು ತೋರಿಸ್ರಿ, ಅತ್ತಿ.”

ಆಯಿ ಸೆರಗು ಸಿಕ್ಕಿಸಿ, ಆ ಕೈ ಹಿಡಿದು ಇಳಿದಳು. ಈಗ ಇಬ್ಬರ ತಲೆಯೂ ಕಾಣುವುದಿಲ್ಲ. ಮಾತು ಮಾತ್ರ ಬರುತ್ತಿದೆ, ಗುಂಡಿಯೊಳಗಿಂದ. ಅಣ್ಣ ಹುಬ್ಬಳ್ಳಿಯ ಸುದ್ದಿಯನ್ನೇ ಎತ್ತಿಲ್ಲ. ಬುಟ್ಟಿ ತರಲು ಕೂಗುತ್ತಿದ್ದಾರೆ, ಇಬ್ಬರೂ ಒಟ್ಟಿಗೆ, ಸಣ್ಣದು ಸಾಲುವುದಿಲ್ಲವಂತೆ, ದೊಡ್ಡದೇ ಬೇಕಂತೆ. ಹೊರಟೆ.